ಪಾರ್ಕಾ ಯಾರದು?

ಹೆಸರಿನಿಂದಲೇ ಶುರು ಮಾಡುತ್ತೇನೆ. 1980ರಲ್ಲಿ ಇಂಗ್ಲೆಂಡಿನ ‘ದ ಜ್ಯಾಮ್’ ತಂಡ ‘ಸೌಂಡ್ ಅಫೆಕ್ಟ್ಸ್’ ಎಂಬ ಆಲ್ಬಮ್ ಹೊರತಂದಿತು. ಅದರ ಮೊದಲ ಹಾಡು ‘ಪ್ರೆಟಿ ಗ್ರೀನ್’. ಬರೆದ ಪಾಲ್ ವೆಲ್ಲರ್‌ಗೆ ಆಗ ಇಪ್ಪತ್ತೆರಡು ವರ್ಷ. ಶೀರ್ಷಿಕೆಯ ಆ ‘ಚೆಂದದ ಹಸಿರು’ ಗಿಡಮರದ್ದಲ್ಲ, ದುಡ್ಡಿನದು. ಆ ಕಾಲದಲ್ಲಿ ಒಂದು ಪೌಂಡಿನ ನೋಟು ಹಸಿರು ಬಣ್ಣದ್ದಾಗಿತ್ತು. ಜೇಬಿನ ತುಂಬ ನೋಟು ತುರುಕಿಕೊಂಡ ಹುಡುಗನೊಬ್ಬ ಅದನ್ನು ಜೂಜಿನ ಪೆಟ್ಟಿಗೆಗೆ ಸುರಿಯಲು ಹೊರಟಿದ್ದಾನೆ. ಅದು ಜೇಬಿನಲ್ಲಿ ಇಲ್ಲದಿದ್ದರೆ ಈ ಊರಿನಲ್ಲಿ ತನ್ನ ಆಟ ನಡೆಯುವುದಿಲ್ಲ ಎಂಬ ಅರಿವೂ ಅವನಿಗಿದೆ. ದುಡ್ಡನ್ನು ಹೊಗಳುತ್ತಿದೆಯೋ ಅಣಕಿಸುತ್ತಿದೆಯೋ ಎಂದು ಚಟ್ಟನೆ ಹೇಳಲಾಗದ ಹಾಡು ಅದು.

ಇಪ್ಪತ್ತೊಂಬತ್ತು ವರ್ಷಗಳ ನಂತರ, 2009ರಲ್ಲಿ, ‘ಓಯಸಿಸ್’ ತಂಡದ ಗಾಯಕ ಲಿಯಾಮ್ ಗ್ಯಾಲಗರ್ ತನ್ನ ಬಟ್ಟೆಯ ಬ್ರ್ಯಾಂಡಿಗೆ ಇದೇ ಹೆಸರಿಟ್ಟ. ಮರುವರ್ಷ ಲಂಡನ್ನಿನ ಕಾರ್ನಬಿ ಸ್ಟ್ರೀಟಿನಲ್ಲಿ ಅದರ ಮೊದಲ ಅಂಗಡಿ ತೆರೆಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಹುಡುಗ ಹುಡುಗಿಯರು ಹೊಸ ಮಾದರಿಯ ಬಟ್ಟೆಗಾಗಿ ಮುಗಿಬೀಳುತ್ತಿದ್ದ ಬೀದಿ ಅದು. ಅಲ್ಲಿ ಮಾರಿದ್ದು ಪೋಲೋ ಅಂಗಿಗಳು, ನಮ್ಮ ಸೀರೆಯ ಮಾವಿನಕಾಯಿ ಬುಟ್ಟಾವನ್ನೇ ಹೋಲುವ ಪೇಯ್ಸ್‌ಲಿ ಚಿತ್ತಾರದ ಶರ್ಟುಗಳು, ಮತ್ತು ಪಾರ್ಕಾ. ಪಾರ್ಕಾ ಎಂದರೆ ಮಂಡಿಯ ಹತ್ತಿರದವರೆಗೆ ಇಳಿಯುವ, ತಲೆಗೆ ಮುಸುಕಿರುವ, ಮಾಸಲು ಹಸಿರಿನ ಸೈನಿಕರ ಕೋಟು.

ಒಬ್ಬ ಹಾಡುಗಾರನ ಬಟ್ಟೆ ಅಂಗಡಿಗೂ ಸಾಹಿತ್ಯದ ಓದುಗರಿಗೂ ಏನು ಸಂಬಂಧ ಎಂದು ಕೇಳಬಹುದು. ಒಂದು ಕೃತಿ ಬರೆದವನ ಕೈದಾಟಿ ಓದುಗರ ಕೈಗೆ ಹೋದಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ತರಗತಿಗಳಲ್ಲಿ ಕಾವ್ಯ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಚರ್ಚಿಸುತ್ತೇವೆ. ಪಾರ್ಕಾದ ಕಥೆಯಲ್ಲಿ ಅದೇ ಪ್ರಶ್ನೆ ಬಟ್ಟೆಯ ಮೇಲೆ, ಹೊಲಿಗೆ ಹಾಕಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಕೋಟನ್ನು ನಾಲ್ಕು ಬಗೆಯ ಜನ ನಾಲ್ಕು ಬಗೆಯಲ್ಲಿ ‘ಓದಿ’ದ್ದಾರೆ. ‘ಪ್ರೆಟಿ ಗ್ರೀನ್’ ಐದನೆಯ ಓದು. ಆ ಐದನೆಯ ಓದಿನ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಹೇಳುವ ಮೊದಲು ಹಿಂದಿನ ನಾಲ್ಕನ್ನು ನೋಡಬೇಕು.

‘ಪಾರ್ಕಾ’ ಎಂಬ ಪದವೇ ಇಂಗ್ಲಿಷಿನದಲ್ಲ. ಉತ್ತರ ರಷ್ಯಾದ ನೆನೆಟ್ಸ್ ಜನರ ಭಾಷೆಯಿಂದ ರಷ್ಯನ್ನಿಗೆ ಬಂದು, ಅಲ್ಲಿಂದ ಅಲಾಸ್ಕಾದ ಕಡೆಯ ಅಲ್ಯೂಷನ್ ದ್ವೀಪಗಳನ್ನು ಹಾದು ಇಂಗ್ಲಿಷಿಗೆ ಸೇರಿತು. ಪ್ರಾಣಿಗಳ ಚರ್ಮದಿಂದ ಹೊಲಿದ, ಮುಸುಕಿರುವ ಮೇಲಂಗಿ ಅದು. ಮುಸುಕಿನ ಅಂಚಿಗೆ ತುಪ್ಪಳ ಹಚ್ಚುವುದು ಅಲಂಕಾರಕ್ಕಲ್ಲ; ಕೊರೆಯುವ ಗಾಳಿ ಮುಖಕ್ಕೆ ನೇರವಾಗಿ ಬಡಿಯದಂತೆ ತಡೆಯುವುದಕ್ಕೆ. ಹಿಮದಲ್ಲಿ ಬದುಕಿದ ಜನ ತಲೆಮಾರುಗಳ ಕಾಲ ಕಲಿತದ್ದು ಆ ಹೊಲಿಗೆಯಲ್ಲಿದೆ. ಅದನ್ನು ಹೊಲಿದವರು ಹೆಚ್ಚಾಗಿ ಹೆಂಗಸರು. ಅವರ ಹೆಸರುಗಳು ಯಾವ ಲೇಬಲ್ಲಿನ ಮೇಲೂ ಇಲ್ಲ.

ಎರಡನೆಯ ಓದು ಅಮೆರಿಕದ ಸೈನ್ಯದ್ದು. ಕೊರಿಯಾ ಯುದ್ಧ 1950ರಿಂದ 1953ರವರೆಗೆ ನಡೆಯಿತು. ಅಲ್ಲಿಯ ಚಳಿಗಾಲದಲ್ಲಿ ಸೈನಿಕರನ್ನು ಶತ್ರುವಿನ ಗುಂಡಿನಷ್ಟೇ ಚಳಿಯೂ ಕಾಡಿತು. ಆ ಕಾಲದ ಎಂ-1951 ಮಾದರಿಯ ಪಾರ್ಕಾ ಇಂದು ಜಗತ್ತಿಗೆ ಪರಿಚಿತವಾದದ್ದು. ಅದರ ಹಿಂಭಾಗದ ಅಂಚು ಮೀನಿನ ಬಾಲದಂತೆ ಸೀಳಿರುತ್ತದೆ. ಆ ಎರಡು ತುದಿಗಳನ್ನು ಲಾಡಿಯಿಂದ ತೊಡೆಗೆ ಬಿಗಿದು ಕಟ್ಟಿಕೊಂಡರೆ ಕೆಳಗಿನಿಂದ ಗಾಳಿ ನುಗ್ಗುವುದಿಲ್ಲ. ಒಳಗಿನ ಬೆಚ್ಚನೆಯ ಅಸ್ತರನ್ನು ಗುಂಡಿ ಬಿಚ್ಚಿ ತೆಗೆದಿಡಬಹುದು. ಸಮವಸ್ತ್ರದ ಮೇಲೆ, ಅದರ ಮೇಲಿನ ಜಾಕೆಟ್ಟಿನ ಮೇಲೆ ಹಾಕಿಕೊಳ್ಳಬೇಕಾದ್ದರಿಂದ ಕೋಟು ತುಂಬ ದೊಗಲೆ. ಸೈನ್ಯಕ್ಕೆ ಬೇಕಿದ್ದದ್ದು ಇಷ್ಟೇ: ಮೈ ಬೆಚ್ಚಗಿರಬೇಕು, ಬಣ್ಣ ಕಣ್ಣಿಗೆ ಬೀಳಬಾರದು. ಯಾರ ಮೈಗೂ ಸರಿಯಾಗಿ ಕೂರದ, ಎಲ್ಲರ ಮೈಗೂ ಆಗಿಬರುವ ಬಟ್ಟೆ.

ಯುದ್ಧ ಮುಗಿದ ಮೇಲೆ ಮಿಕ್ಕ ಸಾಮಾನು ಸೈನ್ಯದ ಹಳೇ ಸರಕಿನ ಅಂಗಡಿಗಳಿಗೆ ಬಂತು. ಅಲ್ಲಿಂದ ಮೂರನೆಯ ಓದು. 1960ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ ಮತ್ತು ಸುತ್ತಲಿನ ಊರುಗಳಲ್ಲಿ ‘ಮಾಡ್’ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗರಿದ್ದರು. ಅವರಲ್ಲಿ ಬಹಳಷ್ಟು ಜನ ಕಚೇರಿಯ ಗುಮಾಸ್ತರು, ಅಂಗಡಿಯ ನೌಕರರು, ಕಾರ್ಖಾನೆಯ ಹುಡುಗರು. ವಾರದ ಸಂಬಳವನ್ನು ಇಟಲಿಯ ಮಾದರಿಯ ಕಿರಿದಾದ ಸೂಟಿಗೂ, ವೆಸ್ಪಾ ಅಥವಾ ಲ್ಯಾಂಬ್ರೆಟ್ಟಾ ಸ್ಕೂಟರಿಗೂ ಸುರಿಯುತ್ತಿದ್ದರು. ಸ್ಕೂಟರಿನಲ್ಲಿ ಹೋದರೆ ಸೂಟಿಗೆ ಮಳೆ, ಕೆಸರು, ಗ್ರೀಸು. ಸೂಟು ಕಾಪಾಡಲು ಅದರ ಮೇಲೆ ಹಾಕಿಕೊಳ್ಳುವಷ್ಟು ದೊಗಲೆಯಾದ, ಅಗ್ಗದ ಕೋಟೊಂದು ಬೇಕಿತ್ತು. ಪಾರ್ಕಾ ಸಿಕ್ಕಿತು. ಅವರಿಗೆ ಅದು ಫ್ಯಾಷನ್ನೇ ಆಗಿರಲಿಲ್ಲ. ಫ್ಯಾಷನ್ನನ್ನು ಮುಚ್ಚಿಡುವ ಹೊದಿಕೆಯಾಗಿತ್ತು.

ಈ ಹುಡುಗರ ಬಗ್ಗೆ ಬರೆಯುವವರು ಹೆಚ್ಚಾಗಿ ಗಮನಿಸದ ಒಂದು ಸಂಗತಿ ಇಲ್ಲಿದೆ. ಎರಡನೇ ಮಹಾಯುದ್ಧದ ನಂತರವೂ ಬ್ರಿಟನ್ನಿನಲ್ಲಿ ಗಂಡುಹುಡುಗರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಹೊಸಬರನ್ನು ಕರೆಸಿಕೊಳ್ಳುವುದು 1960ರ ಕೊನೆಗೆ ನಿಂತಿತು. ಕೊನೆಯ ತಂಡ 1963ರಲ್ಲಿ ಮನೆಗೆ ಮರಳಿತು. ಎಂದರೆ, ಮಾಡ್ ಹುಡುಗರು ಬಲವಂತವಾಗಿ ಸಮವಸ್ತ್ರ ತೊಡಬೇಕಾಗಿಲ್ಲದ ಮೊದಲ ಪೀಳಿಗೆ. ಅವರ ಅಪ್ಪಂದಿರು, ಅಣ್ಣಂದಿರು ಆಜ್ಞೆಯ ಮೇರೆಗೆ ಸೈನ್ಯದ ಬಟ್ಟೆ ಹಾಕಿದ್ದರು. ಇವರು ಇನ್ನೊಂದು ದೇಶದ ಸೈನ್ಯದ ಕೋಟನ್ನು ತಮ್ಮ ದುಡ್ಡಿನಲ್ಲಿ, ತಮ್ಮ ಸೂಟಿನ ರಕ್ಷಣೆಗಾಗಿ ಕೊಂಡರು. ಸೈನ್ಯದ ಬಟ್ಟೆಯ ಅರ್ಥ ಅಲ್ಲಿ ತಲೆಕೆಳಗಾಯಿತು. ಆ ಕೆಲಸವನ್ನು ಯಾವ ವಿನ್ಯಾಸಕಾರನೂ ಮಾಡಲಿಲ್ಲ. ಕೊಂಡು ತೊಟ್ಟ ಹುಡುಗರೇ, ಹಾಗೆ ಮಾಡುತ್ತಿದ್ದೇವೆಂದು ಅರಿಯದೆಯೇ, ಮಾಡಿದರು.

1964ರಲ್ಲಿ ಕ್ಲ್ಯಾಕ್ಟನ್, ಮಾರ್ಗೇಟ್, ಬ್ರೈಟನ್ ಸಮುದ್ರತೀರಗಳಲ್ಲಿ ಮಾಡ್ ಹುಡುಗರಿಗೂ ‘ರಾಕರ್’ ಎಂಬ ಇನ್ನೊಂದು ಗುಂಪಿಗೂ ಜಗಳಗಳಾದವು. ಪತ್ರಿಕೆಗಳು ಅದನ್ನು ಊರಿಗೇ ಬೆಂಕಿ ಬಿದ್ದಂತೆ ಬರೆದವು. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಚರ್ಚಿಸಿದ್ದು ಇದೇ ಗದ್ದಲವನ್ನು. ‘ನೈತಿಕ ದಿಗಿಲು’ ಎಂಬ ಪರಿಕಲ್ಪನೆ ಬಳಕೆಗೆ ಬಂದದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಹೀಗೆ ಪತ್ರಿಕೆಯ ಚಿತ್ರಗಳಲ್ಲಿ ಪಾರ್ಕಾ ಒಂದು ಗುರುತಾಯಿತು. ನಾಲ್ಕನೆಯ ಓದಿಗೆ ನೆಲ ಹದವಾಯಿತು.

ಆ ಓದು ನೆನಪಿನದು. 1973ರಲ್ಲಿ ‘ದ ಹೂ’ ತಂಡ ‘ಕ್ವಾಡ್ರೊಫೀನಿಯಾ’ ಎಂಬ ಆಲ್ಬಮ್ ತಂದಾಗ ಮೊದಲ ಮಾಡ್ ಹುಡುಗರು ಸಂಸಾರಸ್ಥರಾಗಿದ್ದರು. ಮುಖಪುಟದಲ್ಲಿ ಪಾರ್ಕಾ ತೊಟ್ಟು ಸ್ಕೂಟರಿನ ಮೇಲೆ ಕೂತ ಹುಡುಗನ ಬೆನ್ನು; ಸ್ಕೂಟರಿನ ಕನ್ನಡಿಗಳಲ್ಲಿ ತಂಡದ ನಾಲ್ವರ ಮುಖ. 1979ರಲ್ಲಿ ಫ್ರಾಂಕ್ ರಾಡಮ್ ಅದನ್ನು ಸಿನಿಮಾ ಮಾಡಿದ. ಅದರ ನಾಯಕ ಜಿಮ್ಮಿ ಜಾಹೀರಾತು ಕಂಪನಿಯೊಂದರಲ್ಲಿ ಟಪಾಲು ಹಂಚುವ ಹುಡುಗ. ಮೇಲಿನ ಮಹಡಿಗಳಲ್ಲಿ ಬಯಕೆಗಳನ್ನು ತಯಾರಿಸುವವರಿದ್ದಾರೆ; ಅವರ ಕಾಗದಗಳನ್ನು ಹೊರುತ್ತಾ ಈತ ವಾರಾಂತ್ಯಕ್ಕೆ ಕಾಯುತ್ತಾನೆ. ಆ ವರ್ಷಗಳಲ್ಲಿ ಮಾಡ್ ವೇಷ ಮತ್ತೆ ಬಂತು. ಪಾಲ್ ವೆಲ್ಲರ್‌ನ ‘ದ ಜ್ಯಾಮ್’ ತಂಡವನ್ನು ಮೆಚ್ಚಿದ ಹುಡುಗರು ಪಾರ್ಕಾ ಹುಡುಕಿಕೊಂಡು ಹೊರಟರು. ಆದರೆ ಈಗ ಅವರಿಗೆ ಬೇಕಾಗಿದ್ದುದು ಗ್ರೀಸಿನಿಂದ ರಕ್ಷಣೆಯಲ್ಲ. ಜಿಮ್ಮಿಯಂತೆ ಕಾಣಬೇಕಿತ್ತು.

ಲಿಯಾಮ್ ಗ್ಯಾಲಗರ್ ಈ ನೆನಪಿನ ಮಗ. ಹುಟ್ಟಿದ್ದು 1972ರಲ್ಲಿ. ಮ್ಯಾಂಚೆಸ್ಟರಿನ ಬರ್ನೇಜ್ ಎಂಬಲ್ಲಿ, ಐರ್ಲೆಂಡಿನಿಂದ ವಲಸೆ ಬಂದವರ ಮನೆಯಲ್ಲಿ ಬೆಳೆದ. 1994ರಲ್ಲಿ ಓಯಸಿಸ್‌ನ ಮೊದಲ ಆಲ್ಬಮ್ ಬಂತು. ಎರಡೇ ವರ್ಷದಲ್ಲಿ, 1996ರ ಆಗಸ್ಟ್ 10 ಮತ್ತು 11ರಂದು ನೆಬ್‌ವರ್ತ್ ಮೈದಾನದಲ್ಲಿ ಅವರ ಹಾಡು ಕೇಳಲು ಎರಡೂವರೆ ಲಕ್ಷ ಜನ ಸೇರಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಗದ್ದ ಮೇಲೆತ್ತಿ, ಎತ್ತರಕ್ಕಿಟ್ಟ ಮೈಕಿಗೆ ಬಾಯಿ ಕೊಟ್ಟು ಹಾಡುವುದು ಲಿಯಾಮ್‌ನ ಭಂಗಿ. ವೇದಿಕೆಯ ದೀಪಗಳ ಬಿಸಿಯಲ್ಲೂ ಆತ ಕೋಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ನಿಲ್ಲುತ್ತಾನೆ. ಚಳಿಗೆ ಹುಟ್ಟಿದ ಬಟ್ಟೆ ಅಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಕುಣಿಯುವುದಿಲ್ಲ, ನಿಮ್ಮನ್ನು ಮೆಚ್ಚಿಸುವುದಿಲ್ಲ ಎಂಬ ಹಟ ಅದರಲ್ಲಿ ಕಾಣುತ್ತದೆ. ದೊಡ್ಡವರ ಎದುರು ಕೋಟು ಬಿಚ್ಚದೆ ನಿಲ್ಲುವ ಗಲ್ಲಿಯ ಹುಡುಗನ ಹಟ ಅದು. ನನಗೆ ಇದು ಇಷ್ಟ. ಮಾಡ್ ಹುಡುಗರಂತೆ ಲಿಯಾಮ್ ಕೂಡ ಸಿಕ್ಕಿದ ಬಟ್ಟೆಗೆ ತನ್ನ ಮೈಯಿಂದ ಅರ್ಥ ಕೊಟ್ಟ.

ಈಗ ಐದನೆಯ ಓದಿಗೆ, ಎಂದರೆ ಅಂಗಡಿಗೆ ಬರೋಣ.

ಇಂಥ ಬ್ರ್ಯಾಂಡುಗಳ ಮೇಲೆ ಸಾಮಾನ್ಯವಾಗಿ ಬರುವ ಆರೋಪ, ಬಂಡಾಯವನ್ನು ಮಾರಿಕೊಂಡರು ಎಂಬುದು. ಈ ವಾದದ ಹಿಂದೆ ಡಿಕ್ ಹೆಬ್ಡಿಜ್‌ನ ‘ಸಬ್‌ಕಲ್ಚರ್: ದ ಮೀನಿಂಗ್ ಆಫ್ ಸ್ಟೈಲ್’ ಇದೆ, 1979ರಲ್ಲಿ, ‘ಕ್ವಾಡ್ರೊಫೀನಿಯಾ’ ಸಿನಿಮಾ ಬಂದ ವರ್ಷವೇ ಪ್ರಕಟವಾದ ಪುಸ್ತಕ. ಉಪಸಂಸ್ಕೃತಿಗಳು ಸಾಮಾನ್ಯ ವಸ್ತುಗಳನ್ನು ಅವುಗಳ ನಿಗದಿತ ಜಾಗದಿಂದ ಕದ್ದು ಹೊಸ ಅರ್ಥ ಕೊಡುತ್ತವೆ, ಆಮೇಲೆ ಮಾರುಕಟ್ಟೆ ಆ ಅರ್ಥವನ್ನೇ ಸರಕು ಮಾಡಿ ಎಲ್ಲರಿಗೂ ಮಾರುತ್ತದೆ ಎಂಬುದು ಆತನ ವಾದದ ಒಂದು ಎಳೆ. ಮಾತು ಸರಿಯೇ. ಆದರೆ ಲಿಯಾಮ್ ಮೇಲೆ ಇದನ್ನು ಹಾಗೇ ಪ್ರಯೋಗಿಸಲು ನನಗೆ ಅಳುಕು. ಮೊದಲನೆಯದಾಗಿ, ಆತ ಹೊರಗಿನಿಂದ ಬಂದು ಶ್ರಮಿಕರ ಬಟ್ಟೆಯನ್ನು ಎತ್ತಿಕೊಂಡು ಹೋದ ವಿನ್ಯಾಸಕಾರನಲ್ಲ. ಆ ವರ್ಗದಿಂದಲೇ ಬಂದವನು. ಬಡವರ ಮನೆಯ ಹುಡುಗ ಹಾಡಿ ಗೆದ್ದಮೇಲೆ ವ್ಯಾಪಾರ ಮಾಡಬಾರದು, ಆತ ಎಂದೆಂದಿಗೂ ನಮ್ಮ ಪಾಲಿನ ‘ಅಸಲಿ’ ಬಡವನಾಗಿಯೇ ಇರಬೇಕು ಎಂದು ಬಯಸುವುದು ಹೊಟ್ಟೆ ತುಂಬಿದವರ ಬಯಕೆ. ಎರಡನೆಯದಾಗಿ, ಪಾರ್ಕಾಕ್ಕೆ ಕೆಡುವಂಥ ಮೂಲ ಶುದ್ಧತೆಯೊಂದು ಎಂದೂ ಇರಲಿಲ್ಲ. ಹಿಮದ ನಾಡಿನವರಿಂದ ಸೈನ್ಯ ತೆಗೆದುಕೊಂಡಿತು, ಸೈನ್ಯದಿಂದ ಹುಡುಗರು ತೆಗೆದುಕೊಂಡರು. ಮೂರನೆಯದಾಗಿ, ಬ್ರ್ಯಾಂಡಿನ ಹೆಸರೇ ದುಡ್ಡು ಎಂದಿರುವಾಗ ದುಡ್ಡಿನ ವಿಷಯದಲ್ಲಿ ನಮಗೆ ಮೋಸವಾಯಿತು ಎಂದು ಹೇಗೆ ದೂರುವುದು?

ನನ್ನ ತಕರಾರು ಬೇರೆ. ಸೈನ್ಯದ ಹಳೇ ಸರಕಿನ ಅಂಗಡಿಯಲ್ಲಿ ಸಿಕ್ಕ ಕೋಟಿನಲ್ಲಿ ತೊಡುವವನಿಗೆ ಕೆಲಸವಿತ್ತು. ಅದು ಅವನಿಗಾಗಿ ಹೊಲಿದದ್ದಲ್ಲ. ಅಳತೆ ಸರಿಯಿಲ್ಲ, ಉಪಯೋಗ ಬೇರೆ, ದೇಶ ಬೇರೆ. ಅದನ್ನು ತನ್ನದಾಗಿಸಿಕೊಳ್ಳಲು ಆತ ಏನಾದರೂ ಮಾಡಲೇಬೇಕಿತ್ತು. ಸೂಟಿನ ಮೇಲೆ ಹಾಕಬೇಕಿತ್ತು, ಬೆನ್ನಿಗೆ ಬಿಲ್ಲೆ ಹೊಲಿಯಬೇಕಿತ್ತು, ತೊಡೆಗೆ ಕಟ್ಟಬೇಕಾದ ಲಾಡಿಯನ್ನು ಕಟ್ಟದೆ ಇಳಿಬಿಡಬೇಕಿತ್ತು. ಆ ಕೆಲಸದಿಂದಲೇ ಅರ್ಥ ಹುಟ್ಟಿತು. ‘ಪ್ರೆಟಿ ಗ್ರೀನ್’ನ ಪಾರ್ಕಾ ಈ ಕೆಲಸವನ್ನೆಲ್ಲ ಮುಗಿಸಿಕೊಂಡೇ ಬರುತ್ತದೆ. ಅದರ ಹೊಲಿಗೆ ಚೆನ್ನಾಗಿದೆ, ಮೈಗೆ ಸರಿಯಾಗಿ ಕೂರುತ್ತದೆ. ಮಾಡ್ ಚರಿತ್ರೆ, ವೆಲ್ಲರ್‌ನ ಹಾಡು, ಲಿಯಾಮ್‌ನ ಭಂಗಿ ಎಲ್ಲವೂ ಅದರ ಹೆಸರಿನಲ್ಲೇ ಸೇರಿವೆ. ತೊಡುವವನು ಇನ್ನು ಮಾಡಬೇಕಾದ್ದು ಬಿಲ್ಲು ಕಟ್ಟುವುದಷ್ಟೇ. ಪಕ್ಕದಲ್ಲೇ ಭಾವಾರ್ಥ ಅಚ್ಚುಹಾಕಿದ ಪದ್ಯ ಪುಸ್ತಕದ ಹಾಗೆ. ವಿದ್ಯಾರ್ಥಿಗೆ ಅನುಕೂಲ ಹೌದು, ಆದರೆ ಅವನು ಪದ್ಯವನ್ನು ಓದಿದನೇ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ರೋಲಾ ಬಾರ್ತ್ 1967ರ ತನ್ನ ‘ಫ್ಯಾಷನ್ ವ್ಯವಸ್ಥೆ’ ಕುರಿತ ಪುಸ್ತಕದಲ್ಲಿ ಹೊಲಿದ ಬಟ್ಟೆ, ಚಿತ್ರದಲ್ಲಿನ ಬಟ್ಟೆ, ಮಾತಿನಲ್ಲಿ ಬರೆದ ಬಟ್ಟೆ ಎಂದು ಮೂರನ್ನು ಬೇರೆ ಮಾಡಿದ. ಫ್ಯಾಷನ್ ಪತ್ರಿಕೆಗಳಲ್ಲಿ ಬಟ್ಟೆಯ ಸುತ್ತ ಅಷ್ಟೊಂದು ಮಾತು ಏಕಿದೆ ಎಂಬುದು ಆತನ ಪ್ರಶ್ನೆ. ಕೊಳ್ಳುವವನು ಲೆಕ್ಕ ಹಾಕತೊಡಗಿದರೆ ಬಟ್ಟೆ ಹರಿಯುವ ತನಕ ಇನ್ನೊಂದನ್ನು ಕೊಳ್ಳುವುದಿಲ್ಲ. ಆ ಲೆಕ್ಕ ಮರೆಸುವುದಕ್ಕೆ ವಸ್ತುವಿನ ಮೇಲೆ ಮಾತಿನ ತೆರೆ ಎಳೆಯಬೇಕಾಗುತ್ತದೆ ಎಂಬುದು ಆತ ಕೊಟ್ಟ ಉತ್ತರದ ಸಾರ. ಸೈನ್ಯದ ಮತ್ತು ದುಡಿಮೆಯ ಬಟ್ಟೆಗಳ ವಿಷಯದಲ್ಲಿ ಇದು ಇನ್ನಷ್ಟು ವಿಚಿತ್ರವಾಗುತ್ತದೆ. ಈ ಬಟ್ಟೆಗಳ ಹೆಚ್ಚುಗಾರಿಕೆ ಇರುವುದೇ ಉಪಯೋಗದಲ್ಲಿ, ಬಾಳಿಕೆಯಲ್ಲಿ, ಮಾತಿಲ್ಲದಿರುವುದರಲ್ಲಿ. ಈಗ ಆ ಮೌನವೇ ಮಾತಿನ ವಸ್ತುವಾಗಿದೆ. ‘ಇದು ಬರೀ ಉಪಯೋಗದ ಬಟ್ಟೆ’ ಎಂದು ಹೇಳುವುದಕ್ಕೇ ಹೆಚ್ಚಿನ ಬೆಲೆ.

ಈ ಮಾತಿನ ತೆರೆಗೆ ಒಬ್ಬ ಮನುಷ್ಯನ ಹೆಸರು ಎಷ್ಟು ಕಾಲ ಆಸರೆಯಾದೀತು? ಬ್ರ್ಯಾಂಡ್ ಶುರುವಾದ ವರ್ಷವೇ ಓಯಸಿಸ್ ಒಡೆಯಿತು. ಪ್ರವಾಸದ ಕಾರ್ಯಕ್ರಮ ಪುಸ್ತಿಕೆಯಲ್ಲಿ ‘ಪ್ರೆಟಿ ಗ್ರೀನ್’ನ ಜಾಹೀರಾತು ಹಾಕಬೇಕೆಂಬ ಲಿಯಾಮ್‌ನ ಒತ್ತಾಯವೂ ಜಗಳದ ಒಂದು ಕಾರಣ ಎಂದು ಅಣ್ಣ ನೋಯೆಲ್ 2011ರಲ್ಲಿ ಪತ್ರಕರ್ತರ ಎದುರು ಹೇಳಿದ. ಆಗ ನೋಯೆಲ್ ಆಡಿದ ಮಾತುಗಳ ಮೇಲೆ ಲಿಯಾಮ್ ಮೊಕದ್ದಮೆ ಹೂಡಿ, ಆಮೇಲೆ ಹಿಂತೆಗೆದುಕೊಂಡ. ಅಣ್ಣತಮ್ಮಂದಿರ ಜಗಳದಲ್ಲಿ ಯಾರ ಮಾತು ಎಷ್ಟು ನಿಜ ಎಂಬುದು ಇಲ್ಲಿ ಮುಖ್ಯವಲ್ಲ. ಹಾಡಿನ ಮನೆಯೊಳಗೆ ಬಟ್ಟೆಯ ಅಂಗಡಿಗೆ ಎಷ್ಟು ಜಾಗ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು ಎನ್ನುವುದು ಮುಖ್ಯ. 2019ರಲ್ಲಿ ಕಂಪನಿ ಸಾಲದ ಸುಳಿಗೆ ಸಿಕ್ಕಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಜೆಡಿ ಸ್ಪೋರ್ಟ್ಸ್ ಎಂಬ ದೊಡ್ಡ ಕಂಪನಿ ಅದನ್ನು ಕೊಂಡಿತು, ಹೆಚ್ಚಿನ ಅಂಗಡಿಗಳು ಮುಚ್ಚಿದವು. 2022ರ ಕೊನೆಗೆ ಅದು ಇನ್ನೂ ಹಲವು ಬ್ರ್ಯಾಂಡುಗಳ ಜೊತೆ ಒಂದೇ ಗಂಟಿನಲ್ಲಿ ಫ್ರೇಸರ್ಸ್ ಗ್ರೂಪ್‌ನ ಪಾಲಾಯಿತು. ಎಲ್ಲ ಅರ್ಥವನ್ನೂ ಮೊದಲೇ ಹೊಲಿದು ಕೊಟ್ಟ ಬಟ್ಟೆ ಕೊನೆಗೆ ತಾನೂ ಮಿಕ್ಕ ಸರಕಿನಂತೆಯೇ ಕೈ ಬದಲಿಸಿತು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಖಾಕಿ. ಸೈನಿಕರ ಬಟ್ಟೆಯ ಚರಿತ್ರೆ ನಮ್ಮ ಊರುಗಳನ್ನು ಹಾದುಹೋಗುವುದು ಅದರ ಮೂಲಕ. ‘ಖಾಕ್’ ಎಂದರೆ ಧೂಳು. 1840ರ ದಶಕದಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಈ ಧೂಳಿನ ಬಣ್ಣದ ಬಟ್ಟೆ ತೊಟ್ಟಿತು. ಇತ್ತ ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬಾತ ಖಾಕಿ ಬಣ್ಣ ಕಂಡುಹಿಡಿದ ಎಂಬ ಮಾತು ಕರಾವಳಿಯಲ್ಲಿ ಇಂದಿಗೂ ಹೆಮ್ಮೆಯಿಂದ ಕೇಳಿಬರುತ್ತದೆ. ಬ್ರಿಟಿಷರ ಕೆಂಪು ಕೋಟನ್ನು ಮೂಲೆಗೆ ಸರಿಸಿದ ಆ ಬಣ್ಣ ಇಲ್ಲಿ ಪೊಲೀಸರಿಗೆ, ಬಸ್ಸಿನ ಡ್ರೈವರಿಗೆ, ಆಟೋದವರಿಗೆ ಉಳಿಯಿತು.

ನನ್ನಪ್ಪ ಡ್ರೈವರ್. ಕೆಲಸ ಮುಗಿಸಿ ಮನೆಗೆ ಬಂದೊಡನೆ ಮೊದಲು ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು. ಅದನ್ನು ತೊಟ್ಟು ಮದುವೆಗಿರಲಿ, ಸಂತೆಗೂ ಹೋದವರಲ್ಲ. ಕಾಲರು ಸವೆದು ಡ್ಯೂಟಿಗೆ ಆಗದು ಎನಿಸಿದ ಅಂಗಿಗಳು ಅಮ್ಮನ ಪಾಲಿಗೆ ಬರುತ್ತಿದ್ದವು. ಅಮ್ಮ ಕಬ್ಬಿನ ಗದ್ದೆಗೆ ಹೋಗುವಾಗ ಸೀರೆಯ ಮೇಲೆ ಆ ತುಂಬುತೋಳಿನ ಅಂಗಿ ತೊಡುತ್ತಿದ್ದರು. ಕಬ್ಬಿನ ಗರಿ ಬ್ಲೇಡಿನ ಹಾಗೆ ಕೈ ಕುಯ್ಯುತ್ತದೆ. ಖಾಕಿ ಬಟ್ಟೆ ದಪ್ಪ. ತೊಡುವ ಮೊದಲು ಹೆಗಲ ಪಟ್ಟಿಗಳನ್ನು ಕತ್ತರಿಯಿಂದ ಬಿಚ್ಚಿಬಿಡುತ್ತಿದ್ದರು, ಬುಟ್ಟಿ ಹೊರುವಾಗ ಅಡ್ಡ ಬರುತ್ತವೆಂದು. ಊರಿನ ಎಷ್ಟೋ ಹೆಂಗಸರು ಗಂಡಂದಿರ ಹಳೆಯ ಅಂಗಿಗಳನ್ನು ಹೀಗೇ ತೊಡುತ್ತಿದ್ದರು, ಈಗಲೂ ತೊಡುತ್ತಾರೆ. ಸಾಲಾಗಿ ಗದ್ದೆಗಿಳಿದ ಅವರನ್ನು ದೂರದಿಂದ ನೋಡಿದರೆ ಅದಕ್ಕೂ ಒಂದು ಶೈಲಿ ಇದೆ ಎನಿಸುತ್ತದೆ. ಆದರೆ ಅದನ್ನು ಶೈಲಿ ಎಂದು ಕರೆಯುವಾಗ ನನ್ನ ನಾಲಿಗೆ ತಡವರಿಸುತ್ತದೆ. ಲಂಡನ್ನಿನ ಹುಡುಗನಿಗೆ ಪಾರ್ಕಾ ಬಿಚ್ಚಿದರೆ ಒಳಗೆ ಇಟಲಿಯ ಸೂಟಿತ್ತು. ಅಮ್ಮನಿಗೆ ಅಂಗಿ ಬಿಚ್ಚಿದರೆ ಮತ್ತದೇ ಕೆಲಸದ ಸೀರೆ.

ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಇಬ್ಬರೂ ಮಾಡಿದ್ದರಲ್ಲಿ ಒಂದು ಸಾಮ್ಯವಿದೆ ಎಂದಷ್ಟೇ ನನ್ನ ಮಾತು. ಯಾರದೋ ಅಧಿಕಾರದ ಗುರುತಾಗಿದ್ದ ಬಟ್ಟೆಯನ್ನು ಇಬ್ಬರೂ ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡರು. ಆ ಬಟ್ಟೆ ಅಗ್ಗವಾಗಿ, ಅಥವಾ ಪುಕ್ಕಟೆಯಾಗಿ, ಯಾವ ವಿವರಣೆಯೂ ಇಲ್ಲದೆ ಕೈಗೆ ಬಂದದ್ದರಿಂದ ಹಾಗೆ ತಿದ್ದಲು ಸಾಧ್ಯವಾಯಿತು. ‘ಪ್ರೆಟಿ ಗ್ರೀನ್’ ಮಾರಿದ್ದು ಹಾಗೆ ತಿದ್ದಿದ್ದರ ಫಲವನ್ನು. ತಿದ್ದುವ ಕತ್ತರಿಯನ್ನು ಯಾವ ಅಂಗಡಿಯೂ ಕೋಟಿನ ಜೊತೆ ಕೊಡಲಾರದು. ಅಷ್ಟರ ಮಟ್ಟಿಗೆ ಲಿಯಾಮ್‌ನ ಮೇಲೆ ನನಗೆ ಸಿಟ್ಟಿಲ್ಲ. ಆತ ಒಳ್ಳೆಯ ಕೋಟು ಮಾರಿದ, ಹೆಸರಿನಲ್ಲೇ ದುಡ್ಡು ಎಂದು ಬರೆದೂ ಮಾರಿದ. ಆದರೆ ವೇದಿಕೆಯ ಮೇಲೆ ಕತ್ತಿನವರೆಗೆ ಜಿಪ್ಪೆಳೆದು ನಿಂತ ಹುಡುಗ ಪಾರ್ಕಾಕ್ಕೆ ಸೇರಿಸಿದ್ದು ಅವನದೇ ಅಂಗಡಿ ಸೇರಿಸಿದ್ದಕ್ಕಿಂತ ಹೆಚ್ಚು.

ಅಪ್ಪ ಹೋದ ವರ್ಷ ನಿವೃತ್ತರಾದರು. ಕೊನೆಯ ಎರಡು ಜೊತೆ ಖಾಕಿ ಅಂಗಿ ಇನ್ನೂ ಹೊಸದರ ಹಾಗೇ ಇವೆ. ರಜೆಗೆ ಹೋದಾಗ ಒಂದನ್ನು ನಾನು ತೊಟ್ಟುಕೊಂಡು ಹೊರಗೆ ಬಂದೆ. ನಗರದಲ್ಲಿ ಈಗ ಇಂಥದ್ದನ್ನೇ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದೆ. ಅಪ್ಪ ಒಂದು ಗಳಿಗೆ ನೋಡಿ, “ಬಿಚ್ಚಿಡು, ನಿಮ್ಮಮ್ಮನಿಗೆ ಗದ್ದೆಗೆ ಆಗ್ತದೆ” ಎಂದರು.